‘ಎಲ್ಲ ಆನ್ ಉಂಟು’ ಅಂದವಳು ನಾನು

ನನ್ನ ತಮ್ಮನ ಮಗಳು ಆ ಕ್ಯಾಮರಾ ತಂದ ದಿನ ಮೊದಲು ತೋರಿಸಿದ್ದು ನನ್ನ ಮುಖವನ್ನೇ. ಪುತ್ತೂರಿನ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ ನಾನು ಪೇಪರ್ ಓದುತ್ತ ಕೂತಿದ್ದೆ. “ಅತ್ತೆ, ಇಲ್ಲಿ ನೋಡಿ” ಎಂದು ಅದರ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದಳು. ಹಣೆ ಹಳದಿ, ಕೆನ್ನೆ ಕೇಸರಿ, ಮೂಗಿನ ತುದಿ ನೀಲಿ, ಕನ್ನಡಕ ಇದ್ದ ಜಾಗದಲ್ಲಿ ಎರಡು ಕಪ್ಪು ಗುಂಡಿ. ಸತ್ತ ಮೇಲೆ ಹೀಗೇ ಕಾಣುತ್ತೇನೇನೋ ಅನಿಸಿ ಪೇಪರು ಮಡಚಿಟ್ಟೆ.

“ಗಾಜಿನಿಂದಾಚೆ ಶಾಖ ಬರುದಿಲ್ಲ ಅತ್ತೆ, ಅದಕ್ಕೆ ಕಪ್ಪು. ಮೂಗು ಎಲ್ಲರದ್ದೂ ತಣ್ಣಗೇ ಇರುದು” ಎಂದು ನಕ್ಕಳು.

ಅವಳು ಸಿವಿಲ್ ಡಿಪ್ಲೊಮಾ ಓದಿದವಳು. ಬಹಳ ವರ್ಷ ಒಬ್ಬ ಕಂಟ್ರಾಕ್ಟರರ ಸೈಟುಗಳನ್ನು ನೋಡಿಕೊಂಡಿದ್ದು, ಆಮೇಲೆ ಸ್ವಂತವಾಗಿ ಮನೆ ಪರೀಕ್ಷೆ ಮಾಡುವ ಕೆಲಸಕ್ಕೆ ಇಳಿದಳು. ಮನೆ ಕೊಳ್ಳುವವರು, ಹೊಸದಾಗಿ ಕಟ್ಟಿಸಿ ಕೀ ಕೈಗೆ ತೆಗೆದುಕೊಳ್ಳುವವರು ಕರೆಯುತ್ತಾರೆ. ಇವಳು ಹೋಗಿ ಗೋಡೆ, ತಾರಸಿ, ಪೈಪು, ವಯರಿಂಗು ಎಲ್ಲ ನೋಡಿ, ಎಲ್ಲಿ ಸರಿ ಇಲ್ಲ ಎಂದು ಬರೆದುಕೊಡುತ್ತಾಳೆ. ಹೊಸ ಕ್ಯಾಮರಾ ಬೆಳಕನ್ನಲ್ಲ, ಶಾಖವನ್ನು ನೋಡುವಂಥದ್ದು. ನೀರು ಇಳಿದ ಗೋಡೆ ತಣ್ಣಗಿರುವುದರಿಂದ ನೀಲಿ ಕಾಣುತ್ತದೆ. ಸ್ವಿಚ್ ಬೋರ್ಡಿನೊಳಗೆ ವಯರಿನ ತುದಿ ಕಾದಿದ್ದರೆ ಅದು ಬೆಳ್ಳಗೆ ಹೊಳೆಯುತ್ತದೆ.

ಬರೆದುಕೊಡುತ್ತಾಳೆ ಎಂದೆ. ನಿಜ ಹೇಳಬೇಕೆಂದರೆ ಬರೆಯುತ್ತಿದ್ದದ್ದು ನಾನು. ನಮ್ಮ ಕಡೆಯ ಜನರಿಗೆ ಮಾತು ಎಷ್ಟು ಭಾಷೆಯಲ್ಲಾದರೂ ಆದೀತು, ತುಳುವಿನಲ್ಲಿ ಶುರುವಾಗಿ ಕನ್ನಡಕ್ಕೆ ಬಂದು ಮಲಯಾಳದಲ್ಲಿ ಮುಗಿದರೂ ಯಾರಿಗೂ ಬೇಜಾರಿಲ್ಲ, ಆದರೆ ರಿಪೋರ್ಟ್ ಮಾತ್ರ ಇಂಗ್ಲಿಷ್‌ನಲ್ಲಿ ಬೇಕು. ನಾನು ಮಂಗಳೂರಿನ ಕಾನ್ವೆಂಟ್ ಬೋರ್ಡಿಂಗ್‌ನಲ್ಲಿ ಬೆಳೆದವಳು, ಕಡಬದ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ಗಂಡ ಹೋದ ಮೇಲೆ ತಮ್ಮನ ಮನೆಗೆ ಬಂದು ಸೇರಿದೆ. ಯಾರೂ ಒಂದು ಮಾತು ಆಡಲಿಲ್ಲ, ಆದರೂ ನಾನು ಆ ಮನೆಯಲ್ಲಿ ಯಾರೂ ಕೂರದ ಹೆಚ್ಚಿನ ಕುರ್ಚಿಯೊಂದರ ಹಾಗೆ ಇದ್ದೆ. ಅವಳು “ಅತ್ತೆ, ನಿಮ್ಮ ಇಂಗ್ಲಿಷ್ ನನಗೆ ಬೇಕು” ಎಂದಾಗ ಎಷ್ಟೋ ವರ್ಷದ ಮೇಲೆ ನನ್ನ ಬೆನ್ನು ನೆಟ್ಟಗಾಯಿತು. ಅವಳ ಜೊತೆ ಕಾರಿನಲ್ಲಿ ಮನೆಮನೆಗೆ ಹೋಗತೊಡಗಿದೆ. ಅವಳು ನೋಡುವುದು, ನಾನು ನೋಟ್‌ಬುಕ್ ಹಿಡಿದು ಬರೆದುಕೊಳ್ಳುವುದು. ವಯರಿಂಗ್ ಸರಿ ಇದ್ದ ಮನೆಗಳಿಗೆ ಹಾಕಲೆಂದೇ ಒಂದು ವಾಕ್ಯ ಕಟ್ಟಿಟ್ಟಿದ್ದೆ: ‘ನೋ ಅಬ್ನಾರ್ಮಲ್ ಹೀಟಿಂಗ್ ವಾಸ್ ಅಬ್ಸರ್ವ್ಡ್ ಎನಿವೇರ್ ಇನ್ ದ ಹೌಸ್.’ ಮನೆಯಲ್ಲಿ ಎಲ್ಲೂ ಅತಿಯಾದ ಶಾಖ ಕಂಡುಬಂದಿಲ್ಲ ಎಂಬ ಆ ಸೆಂಟೆನ್ಸಿನ ಮೇಲೆ ನನಗೆ ಸ್ವಲ್ಪ ಜಂಬವೂ ಇತ್ತು.

ತಮ್ಮನದು ಒಂದೇ ಪ್ರಶ್ನೆ. “ಇದು ಗಿಟ್ಟುದುಂಟಾ?”

ಕ್ಯಾಮರಾಕ್ಕೆ ಅವಳು ಹಾಕಿದ್ದು ಸಣ್ಣ ಮೊತ್ತವಲ್ಲ. ಮೊದಲು ಅವಳು ಶಾಖದ ಪರೀಕ್ಷೆಗೆ ಬೇರೆಯೇ ಫೀಸ್ ಇಟ್ಟಳು. ಯಾರೂ ತೆಗೆದುಕೊಳ್ಳಲಿಲ್ಲ. “ಕಣ್ಣಲ್ಲಿ ನೋಡ್ತೀರಲ್ಲ, ಸಾಕು” ಎನ್ನುವರು. ನೀರು ಸೋರುವ ಮನೆಯವರು ಮಾತ್ರ ಕೊಟ್ಟರು, ಯಾಕೆಂದರೆ ಪ್ಲಂಬರ್ ಬಂದರೆ ಇಡೀ ಬಾತ್‌ರೂಮಿನ ಟೈಲ್ಸ್ ಒಡೆಯುತ್ತಾನೆ, ಇವಳು ಒಂದು ಟೈಲಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಇಷ್ಟೇ ಒಡೆಯಿರಿ ಎನ್ನುತ್ತಾಳೆ. ಆ ಲೆಕ್ಕ ಎಲ್ಲರಿಗೂ ಅರ್ಥವಾಗುತ್ತದೆ. ವಯರಿಂಗಿನದು ಹಾಗಲ್ಲ. ಬೆಟ್ಟಂಪಾಡಿಯಲ್ಲಿ ಒಬ್ಬರು ಕೇಳಿಯೇ ಬಿಟ್ಟರು: “ಎಂತದೂ ಇಲ್ಲ ಅಂತ ಹೇಳ್ಲಿಕ್ಕೆ ಹಣ ಎಂತಕ್ಕೆ ಮಾರಾಯ್ರೆ? ಎಂತಾದ್ರೂ ಹುಡುಕಿ ಕೊಡಿ, ಮತ್ತೆ ಕೊಡುವ.” ಕೊನೆಗೆ ಅವಳು ಎರಡನ್ನೂ ಸೇರಿಸಿ ಒಂದೇ ಫೀಸ್ ಮಾಡಿದಳು. ಆಗ ಕರೆಗಳು ಬರತೊಡಗಿದವು, ಕ್ಯಾಮರಾ ಇರುವವಳು ಎಂಬ ಹೆಸರಿನಿಂದ. ಪುತ್ತೂರಿನಿಂದ ಕಡಬಕ್ಕೂ ಸುಳ್ಯಕ್ಕೂ ಓಡಾಡಿ ಪೆಟ್ರೋಲಿಗೆ ಎಷ್ಟು ಹೋಯಿತೋ. “ಈ ವರ್ಷ ಕ್ಯಾಮರಾ ತನ್ನ ಹೊಟ್ಟೆ ತುಂಬಿಸಿಕೊಂಡ್ರೆ ಸಾಕಪ್ಪ, ಮುಂದಿನ ವರ್ಷ ನನ್ನದ್ದು” ಎಂದು ಅವಳು ಅಪ್ಪನಿಗೆ ಹೇಳುತ್ತಿದ್ದಳು.

ಹಾಗಿರುವಾಗ ಕೇರಳದ ಗಡಿಯ ಮಂಡೆಕೋಲಿನ ಮನೆಯ ಕೆಲಸ ಬಂತು. ಮಳೆಗಾಲಕ್ಕೆ ಮೊದಲಿನ ಸಿಡಿಲಿನ ದಿನಗಳು.

ಹೊಸ ಮನೆ, ಎರಡು ಮಾಳಿಗೆ. ಹೆರಿಗೆಯಾದ ಮಗಳು ಇನ್ನೆರಡು ದಿನದಲ್ಲಿ ಆಸ್ಪತ್ರೆಯಿಂದ ಮಗು ಹಿಡಿದುಕೊಂಡು ಬರುವವಳಿದ್ದಳು. ಬಾಣಂತಿಗೆಂದು ಸಿದ್ಧಮಾಡಿದ ಕೋಣೆ ಕೆಳಗಡೆ, ಮೆಟ್ಟಿಲಿನ ಹಿಂದೆ. ಮೆಟ್ಟಿಲ ಬುಡದ ಅದೇ ಗೋಡೆಯಲ್ಲಿ ಇಡೀ ಮನೆಯ ವಯರುಗಳು ಬಂದು ಸೇರುವ ಸ್ವಿಚ್ಚುಗಳ ಎಂಸಿಬಿ ಬಾಕ್ಸ್. ಆ ಜಾಗದಲ್ಲಿ ಒಮ್ಮೊಮ್ಮೆ ಸುಟ್ಟ ವಾಸನೆ ಬರುತ್ತದೆ ಎಂದು ಮನೆಯ ಯಜಮಾನತಿಯೇ ಹಟ ಹಿಡಿದು ನಮ್ಮನ್ನು ಕರೆಸಿದ್ದು.

“ಇವರಿಗೆ ಹೇಳಿದ್ರೆ ನಿನ್ನ ಮೂಗು ಸರಿ ಇಲ್ಲ ಅಂತಾರೆ” ಎಂದರು ಆಕೆ.

“ಅದು ನನ್ನ ಬೀಡಿದ್ದೇ ವಾಸನೆ ಅಂತ ಹೇಳ್ತಾ ಇದ್ದದ್ದು ಯಾರು ಮತ್ತೆ?” ಎಂದರು ಯಜಮಾನರು. “ಬೀಡಿ ಬಿಟ್ಟು ಎರಡು ತಿಂಗಳಾಯ್ತು ಟೀಚರಮ್ಮ. ವಾಸನೆ ಬಿಡ್ಲಿಲ್ಲ. ಹಾಗೆ ನನ್ನ ಮೇಲಿನ ಕೇಸು ಬಿದ್ದುಹೋಯ್ತು.”

ತಮ್ಮನ ಮಗಳು ಹಿಂದಿನ ದಿನವೇ ಫೋನಿನಲ್ಲಿ ತಿಳಿಸಿದ್ದಳು: ನಾವು ಬರುವಷ್ಟರಲ್ಲಿ ಗೀಸರ್, ಪಂಪು, ಗ್ರೈಂಡರ್, ಇಸ್ತ್ರಿಪೆಟ್ಟಿಗೆ ಎಲ್ಲ ಓಡುತ್ತಿರಬೇಕು ಎಂದು. ಎಲ್ಲವೂ ಓಡುತ್ತಲೇ ಇತ್ತು. ಅವಳು ಮೊದಲು ತಾರಸಿಗೆ ಹೋದಳು, ಅಲ್ಲಿಂದ ಮೇಲಿನ ಮಾಳಿಗೆಯ ಬಾತ್‌ರೂಮುಗಳಿಗೆ. ನನಗೆ ಮಂಡಿನೋವು, ಕೆಳಗೇ ಕೂತೆ. ಯಜಮಾನರು ತೋಟದ ಕಡೆ ಹೋದರು. ಯಜಮಾನತಿ ನನ್ನೆದುರು ಕೂತು ಮಗಳ ಹೆರಿಗೆಯ ಕತೆ ಹೇಳುತ್ತಿದ್ದರು.

ಅಷ್ಟರಲ್ಲಿ ಕೇರಳದ ಕಡೆಯಿಂದ ಒಂದು ಗುಡುಗು. ದೂರದ್ದು. ಆಕೆ ಕತೆ ನಿಲ್ಲಿಸದೆಯೇ ಎದ್ದರು. ನನಗೂ ಗೊತ್ತಾಯಿತು ಯಾಕೆಂದು. ಗುಡುಗು ಕೇಳಿದರೆ ಪ್ಲಗ್ಗು ಕೀಳುವುದು, ಮೈನ್ ಸ್ವಿಚ್ ಇಳಿಸುವುದು ನಮ್ಮ ಕಡೆ ಮಕ್ಕಳು ನಡೆಯಲು ಕಲಿಯುವಾಗಲೇ ಕಲಿಯುವ ಕೆಲಸ. ಯೋಚನೆ ಅಲ್ಲ ಅದು, ಕೈಗೆ ಅಂಟಿಕೊಂಡ ಅಭ್ಯಾಸ. ಟಿವಿ ಸುಟ್ಟವರು, ಫ್ರಿಜ್ ಸುಟ್ಟವರು, ಗೋಡೆಯಿಂದ ಸ್ವಿಚ್ ಬೋರ್ಡೇ ಹಾರಿ ಬಿದ್ದವರು ಪ್ರತಿ ಊರಿನಲ್ಲೂ ಇದ್ದಾರೆ.

“ಮೈನ್ ಇಳಿಸ್ಲಾ ಟೀಚರಮ್ಮ? ಅವರು ನೋಡ್ತಾ ಇದ್ದಾರಲ್ಲ ಮೇಲೆ?”

“ಇಳಿಸಿ, ಇಳಿಸಿ. ಅವಳು ಬೋರ್ಡಿಗೆಲ್ಲ ಕೈಹಾಕುದು. ಇಳಿಸಿದ್ರೇ ಸೇಫ್” ಎಂದೆ.

ಹಾಗೆ ಹೇಳಿದವಳು ನಾನು. ಆಕೆ ಹೊರಗೆ ಜಗಲಿಯಲ್ಲಿ ಮೀಟರ್ ಪಕ್ಕದ ಮೈನ್ ಇಳಿಸಿ ಬಂದರು. ಇನ್ವರ್ಟರ್ ಇತ್ತು. ಫ್ಯಾನು ತಿರುಗುತ್ತಲೇ ಇತ್ತು, ಟ್ಯೂಬ್‌ಲೈಟು ಉರಿಯುತ್ತಲೇ ಇತ್ತು. ಗ್ರೈಂಡರಿನ ಸದ್ದು ನಿಂತದ್ದರಿಂದ ಮಾತಾಡಲು ಸುಖವಾಯಿತು ಅಂತ ಮಾತ್ರ ನನಗೆ ಅನಿಸಿದ್ದು.

ಮುಕ್ಕಾಲು ಗಂಟೆಯ ಮೇಲೆ ತಮ್ಮನ ಮಗಳು ಕೆಳಗಿಳಿದು ಬಂದಳು. ಯಜಮಾನತಿ ಅಡುಗೆಮನೆಯಲ್ಲಿ ಕಾಫಿ ಮಾಡುತ್ತಿದ್ದರು. ಮೋಡ ಕಪ್ಪಾಗುತ್ತಿತ್ತು, ಅವಳಿಗೆ ಹೊರಡುವ ಅವಸರ. ಎಂಸಿಬಿ ಬಾಕ್ಸಿನ ಮುಚ್ಚಳ ತೆಗೆಯುತ್ತ ಕೇಳಿದಳು.

“ಎಲ್ಲ ಆನ್ ಉಂಟಲ್ಲ ಅತ್ತೆ?”

ನಾನು ಫ್ಯಾನ್ ನೋಡಿದೆ. “ಉಂಟು, ಎಲ್ಲ ಆನ್ ಉಂಟು” ಎಂದೆ.

ಸುಳ್ಳು ಹೇಳುವ ಉದ್ದೇಶ ನನಗಿರಲಿಲ್ಲ. ಮೈನ್ ಇಳಿಸಿದ್ದು ಹೆರಿಗೆಯ ಕತೆಯ ನಡುವೆ ಮರೆತೇ ಹೋಗಿತ್ತು. ಫ್ಯಾನ್ ತಿರುಗುತ್ತಿದೆ ಎಂದರೆ ಕರೆಂಟ್ ಉಂಟು, ಕರೆಂಟ್ ಉಂಟು ಎಂದರೆ ಎಲ್ಲ ಉಂಟು. ಅಷ್ಟೇ ನನ್ನ ವಿಜ್ಞಾನ. ಅವಳು ಕ್ಯಾಮರಾ ಹಿಡಿದಳು. ಬಾಕ್ಸು ಇಡೀ ಒಂದೇ ತಣ್ಣನೆಯ ನೇರಳೆ. “ಎಂತ ಇಲ್ಲ. ಬೀಡಿ ವಾಸನೆಯೇ ಇರ್ಬೇಕು ಅಕ್ಕ” ಎಂದು ಕಾಫಿ ತಂದವರಿಗೆ ತಮಾಷೆ ಮಾಡಿದಳು. ಮರುದಿನ ನಾನು ಆ ನನ್ನ ಸೆಂಟೆನ್ಸ್ ಬರೆದೆ. ಅವಳು ಸಹಿ ಹಾಕಿ ಕಳಿಸಿದಳು.

ನಾಲ್ಕು ದಿನ ಕಳೆದಿರಬೇಕು. ಬೆಳಿಗ್ಗೆ ನಾನು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತ ಕೂತಿದ್ದೆ. ಅವಳು ಫೋನಿನಲ್ಲಿ ಬೇರೆ ಯಾವುದೋ ಮನೆಯವರಿಗೆ ಹೇಳುತ್ತಿದ್ದಳು:

“ಗುಡುಗು ಬಂದ್ರೆ ಮೈನ್ ಆಫ್ ಮಾಡಿ, ಬೇಡ ಹೇಳುದಿಲ್ಲ. ಆದ್ರೆ ನನಗೆ ಹೇಳಿ, ನಾನು ಇನ್ನೊಂದು ದಿನ ಬರ್ತೇನೆ. ಇನ್ವರ್ಟರಲ್ಲಿ ಫ್ಯಾನ್ ತಿರುಗಿದ್ರೆ ಸಾಕಾಗುದಿಲ್ಲ ಅಕ್ಕ. ಲೋಡ್ ಇಲ್ಲದ ವಯರು ಮಲಗಿದ ಹಾಗೆ. ಅದಕ್ಕೆ ಜ್ವರ ಉಂಟಾ ಇಲ್ವಾ ಅಂತ ಕ್ಯಾಮರಾಕ್ಕೆ ಗೊತ್ತಾಗುದಿಲ್ಲ.”

ನನ್ನ ಕೈ ನಿಂತಿತು. ಮಗು ಮನೆಗೆ ಬಂದಿರುತ್ತದೆ. ಗೋಡೆಯ ಈಚೆ ಬಾಕ್ಸ್, ಆಚೆ ತೊಟ್ಟಿಲು. ಬಾಣಂತಿ ಇರುವ ಮನೆಯಲ್ಲಿ ದಿನವಿಡೀ ಬಿಸಿನೀರು, ದಿನವಿಡೀ ಗೀಸರ್. ವಾಸನೆ ಬಂದರೂ ಇನ್ನು ಅವರು ಹೆದರುವುದಿಲ್ಲ, ಯಾಕೆಂದರೆ ಹೆದರಬೇಡಿ ಎಂದು ಚೆಂದದ ಇಂಗ್ಲಿಷಿನಲ್ಲಿ ನಾನು ಬರೆದುಕೊಟ್ಟಿದ್ದೇನೆ. ನಾವು ಹೋಗದೇ ಇದ್ದಿದ್ದರೆ ಆಕೆಯ ಮೂಗಾದರೂ ಆ ಮನೆಯನ್ನು ಕಾಯುತ್ತಿತ್ತು. ಅದನ್ನೂ ನಾನು ಮುಚ್ಚಿಬಿಟ್ಟೆ.

ಆ ಕ್ಷಣವೇ ಎದ್ದು ಹೇಳಬೇಕಿತ್ತು. ಹೇಳಲಿಲ್ಲ. ಅದನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ. ಅವಳ ಹೆಸರು ಕೆಡುತ್ತದಲ್ಲ ಎಂದು ಹೆದರಿದೆ ಅಂತ ಬರೆದರೆ ಅರ್ಧ ಸತ್ಯ. ಉಳಿದರ್ಧ ನನ್ನದೇ ಹೆದರಿಕೆ. ಇನ್ನು ಮೇಲೆ ನೋಟ್‌ಬುಕ್ ಹಿಡಿದು ಕಾರಿನಲ್ಲಿ ಕೂರುವುದು ಇಲ್ಲವಾಗುತ್ತದೆ, ಪುನಃ ಆ ಹೆಚ್ಚಿನ ಕುರ್ಚಿ ಆಗುತ್ತೇನೆ ಎಂಬ ಹೆದರಿಕೆ. ಒಂದು ಮಗುವಿನ ತೊಟ್ಟಿಲಿನ ಎದುರು ನಾನು ಅದನ್ನು ತೂಗಿ ನೋಡಿದೆ. ಬೋರ್ಡಿಂಗ್‌ನಲ್ಲಿ ಸುಳ್ಳು ಹೇಳಿ ಚಾಪೆಲ್‌ನಲ್ಲಿ ಮೊಣಕಾಲೂರಿ ಒಪ್ಪಿಕೊಳ್ಳುತ್ತಿದ್ದ ಹುಡುಗಿಯರಿಗೆ ಇದ್ದ ಧೈರ್ಯವೂ ನನಗೆ ಎಪ್ಪತ್ತನಾಲ್ಕರಲ್ಲಿ ಇರಲಿಲ್ಲ.

ಬದಲಿಗೆ ಏನು ಮಾಡಿದೆ? ಫೋನ್ ಮಾಡಿದೆ. ಬಾಣಂತಿ ಹೇಗಿದ್ದಾಳೆ ಎಂದು ವಿಚಾರಿಸುವ ನೆಪದಲ್ಲಿ ಗೀಸರ್ ಹಾಕಬೇಡಿ ಎಂದು ಹೇಳಿಬಿಡುವುದು, ಯಾಕೆಂದು ಹೇಳದಿರುವುದು, ಇದು ನನ್ನ ಪ್ಲಾನ್. ಮಂಡೆಕೋಲಿನಲ್ಲಿ ಮೊಬೈಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂದಿತು. ಹತ್ತು ನಿಮಿಷ ಬಿಟ್ಟು ಮಾಡಿದೆ. ಊಟದ ಮೊದಲು, ಊಟದ ಮೇಲೆ, ಬಟ್ಟೆ ಮಡಚುವಾಗ, ಕಾಫಿಗೆ ನೀರಿಟ್ಟು. ಪ್ರತಿ ಸಲವೂ ಅದೇ ಹೆಣ್ಣಿನ ಸ್ವರ, ಅಷ್ಟೇ ಸಮಾಧಾನದಲ್ಲಿ. ವ್ಯಾಪ್ತಿ ಪ್ರದೇಶದ ಹೊರಗೆ. ಸಂಜೆಯ ಹೊತ್ತಿಗೆ ಆ ಮಾತಿನ ಅರ್ಥವೇ ಬೇರೆಯಾಗಿ ಕೇಳಿಸತೊಡಗಿತು.

“ಯಾರಿಗೆ ಅಷ್ಟು ಫೋನು?” ಎಂದ ತಮ್ಮ.

“ಹಳೇ ಸ್ಟೂಡೆಂಟ್” ಎಂದೆ. ಅದು ಮಾತ್ರ ಪೂರಾ ಸುಳ್ಳು.

ಮರುದಿನ ಬೆಳಿಗ್ಗೆ ತಿಂಡಿ ತಟ್ಟೆಯ ಮುಂದೆ ಪೇಪರ್ ತೆರೆದೆ. ಎಲ್ಲಿಯದ್ದೋ ಒಂದು ಅಂಗಡಿಗೆ ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಬಿದ್ದ ಸುದ್ದಿ. ನಮ್ಮ ಜಿಲ್ಲೆಯದ್ದೂ ಅಲ್ಲ. ಕೈಯಲ್ಲಿದ್ದ ದೋಸೆಯ ತುಂಡನ್ನು ತಟ್ಟೆಗೇ ಹಾಕಿದೆ. ಎದ್ದು ಅಡುಗೆಮನೆಗೆ ಹೋಗಿ ತಮ್ಮನ ಮಗಳ ಬೆನ್ನ ಹಿಂದೆ ನಿಂತು ಎಲ್ಲ ಹೇಳಿದೆ. ಮುಖ ನೋಡಿ ಹೇಳಲು ಆಗುತ್ತಿರಲಿಲ್ಲ.

ಅವಳು ಒಲೆ ಆರಿಸಿದಳು. “ಯಾವಾಗ ಗೊತ್ತಾಯ್ತು ನಿಮಗೆ?”

“ನಿನ್ನೆ ಬೆಳಿಗ್ಗೆ.”

“ಒಂದು ದಿನ” ಎಂದಳು. ಕ್ಯಾಮರಾದ ಬ್ಯಾಗು, ಕಾರಿನ ಕೀ ತೆಗೆದುಕೊಂಡಳು. ನಾನು ಕೇಳದೆಯೇ ಹಿಂದೆ ಹೋದೆ. ಬರಬೇಡಿ ಎನ್ನುತ್ತಾಳೆಂದು ಕಾದೆ, ಅವಳು ನನ್ನ ಕಡೆಯ ಬಾಗಿಲನ್ನು ಒಳಗಿನಿಂದ ತೆರೆದಳು.

ಪುತ್ತೂರಿನಿಂದ ಜಾಲ್ಸೂರಿನವರೆಗೆ ನಾನು ಫೋನ್ ಒತ್ತುತ್ತಲೇ ಇದ್ದೆ. ಮಂಡೆಕೋಲಿನ ದಾರಿಗೆ ತಿರುಗಿದ ಮೇಲೆ ಅವಳಾಗಿಯೇ ಹೇಳಿದಳು. “ತಪ್ಪು ನಿಮ್ಮದೊಂದೇ ಅಲ್ಲ ಅತ್ತೆ. ನಿಮ್ಮ ಹತ್ರ ಕೇಳಿದ್ದು ನನ್ನ ತಪ್ಪು. ಹೋಗಿ ಮೀಟರ್ ನೋಡ್ಬೇಕಿತ್ತು. ಮೋಡ ನೋಡಿ ಅವಸರ ಮಾಡಿದೆ.” ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಇದಕ್ಕೆ ನಾನು ಕಿಟಕಿಯ ಕಡೆ ತಿರುಗಬೇಕಾಯಿತು.

ಕೊನೆಯ ತಿರುವು ದಾಟಿದಾಗ ಆ ಮನೆಯ ತಾರಸಿ ಕಂಡಿತು. ಅದರ ಹಿಂದೆ ಹೊಗೆ. ದಪ್ಪದ, ಬೂದು ಬಣ್ಣದ ಹೊಗೆ, ನೇರ ಮೇಲೆ ಹೋಗುತ್ತಿತ್ತು.

ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಕಾರು ಅಂಗಳಕ್ಕೆ ನುಗ್ಗಿತು. ಅವಳು ಮನೆಯ ಹಿಂದಕ್ಕೆ ಓಡಿದಳು. ನಾನು ಕಾರಿನ ಬಾಗಿಲು ಹಿಡಿದುಕೊಂಡು ನಿಂತು, ಅರವತ್ತು ವರ್ಷದಿಂದ ಹೇಳದಿದ್ದ ಬೋರ್ಡಿಂಗ್‌ನ ಪ್ರಾರ್ಥನೆಯನ್ನೂ ನಮ್ಮ ಮನೆದೇವರ ಹೆಸರನ್ನೂ ಒಟ್ಟಿಗೆ ಹೇಳುತ್ತಿದ್ದೆ.

ಹಿಂದಿನಿಂದ ನಗು ಕೇಳಿಸಿತು. ಯಜಮಾನತಿಯದ್ದು. “ಎಂತ ಓಡಿ ಬಂದದ್ದು? ಸೊಪ್ಪಿನ ನೀರು ಕಾಯಿಸುದು ಮಾರಾಯ್ತಿ. ಹಸಿ ಸೋಗೆ ಹಾಕಿದ್ದಾರೆ ಇವರು, ಒಲೆ ಉರಿಯುದಕ್ಕಿಂತ ಹೊಗೆಯೇ ಜಾಸ್ತಿ.” ಬಾಣಂತಿಯ ಮೀಯುವ ನೀರಿಗೆ ಸೊಪ್ಪು ಕುದಿಸಲು ಹೊರಗೆ ಮೂರು ಕಲ್ಲಿಟ್ಟು ಒಲೆ ಹೂಡಿದ್ದರು. ಅಷ್ಟೆ.

ಮನೆಯೊಳಗೆ ಹೋದಾಗ ಎರಡೂ ಗೀಸರ್ ಆನ್ ಇದ್ದವು, ಪಂಪು ಓಡುತ್ತಿತ್ತು. ಈ ಸಲ ತಮ್ಮನ ಮಗಳು ಯಾರನ್ನೂ ಕೇಳಲಿಲ್ಲ, ತಾನೇ ಹೋಗಿ ಮೀಟರ್ ನೋಡಿ ಬಂದಳು. ಬಾಕ್ಸಿನ ಮುಚ್ಚಳ ತೆಗೆದು ಕ್ಯಾಮರಾ ಹಿಡಿದಳು. ನಾನು ಅವಳ ಹೆಗಲಿನ ಮೇಲಿಂದ ನೋಡಿದೆ. ನೇರಳೆಯ ಸಾಲಿನ ನಡುವೆ ಒಂದು ಕಡೆ, ಸ್ಕ್ರೂ ಕೂರುವ ಜಾಗದಲ್ಲಿ, ಅಚ್ಚ ಬಿಳಿ ಚುಕ್ಕೆ. ಸುತ್ತ ಹಳದಿ, ಅದರ ಸುತ್ತ ಕೇಸರಿ. ಬರಿಗಣ್ಣಿಂದ ನೋಡಿದರೂ ವಯರಿನ ಪ್ಲಾಸ್ಟಿಕ್ ಒಂದು ಬೆರಳಗಲ ಕಂದು ಬಣ್ಣಕ್ಕೆ ತಿರುಗಿತ್ತು. ಮೊನ್ನೆ ಅವಸರದಲ್ಲಿ ನಾವು ಸ್ಕ್ರೀನ್ ಮಾತ್ರ ನೋಡಿದ್ದು. ಗೋಡೆಯಾಚೆಯಿಂದ ಮಗು ಅಳುವುದು ಕೇಳುತ್ತಿತ್ತು.

“ಗೀಸರ್ ಆಫ್ ಮಾಡಿ ಅಕ್ಕ. ಎರಡೂ. ಈಗಲೇ” ಎಂದಳು.

ಯಜಮಾನರು ಬಂದು ಸ್ಕ್ರೀನ್ ನೋಡಿದರು. “ಮೊನ್ನೆ ಸರಿ ಉಂಟು ಅಂತ ಬರೆದು ಕೊಟ್ಟದ್ದು ನೀವೇ ಅಲ್ವಾ?”

“ನಾವೇ ಅಣ್ಣ.”

“ಮೊನ್ನೆ ಇರ್ಲಿಲ್ಲ, ಇವತ್ತು ಬಂತಾ?”

ನಾನು ಮುಂದೆ ಬಂದೆ. “ಮೊನ್ನೆಯೂ ಇತ್ತು. ಮೈನ್ ಇಳಿಸಿ ಅಂದವಳು ನಾನು. ಎಲ್ಲ ಆನ್ ಉಂಟು ಅಂದವಳೂ ನಾನು. ಅವಳದ್ದಲ್ಲ ತಪ್ಪು. ನಿನ್ನೆಯೇ ಗೊತ್ತಾಗಿತ್ತು ನನಗೆ. ಹೇಳ್ಲಿಕ್ಕೆ ಹೆದರಿ ಸುಮ್ಮನಿದ್ದೆ.”

ಯಜಮಾನತಿ ಬಾಯಿಗೆ ಸೆರಗು ಹಿಡಿದರು. “ಇಳಿಸಿದ್ದು ನಾನಲ್ವಾ? ಗುಡುಗು ಬಂದದ್ದಕ್ಕೆ...”

“ನೀನು ಸುಮ್ಮನಿರು” ಎಂದರು ಯಜಮಾನರು. ನನ್ನನ್ನು ನೋಡಿ, ಧ್ವನಿ ಏರಿಸದೆಯೇ ಹೇಳಿದರು: “ಟೀಚರಮ್ಮ, ನಿನ್ನೆ ಇಡೀ ದಿನ ನನ್ನ ಮಗಳು ಮಗು ಒಟ್ಟಿಗೆ ಈ ಗೋಡೆಗೆ ಒರಗಿ ಕೂತಿದ್ದಳು.”



ಇಲೆಕ್ಟ್ರಿಷಿಯನ್ನನ್ನು ಕರೆಸಿದರು. ಅವನು ಬಾಕ್ಸಿನೊಳಗೆ ಇಣುಕಿ ನಾಲಿಗೆ ಕಚ್ಚಿಕೊಂಡ. “ಸ್ಕ್ರೂ ಟೈಟೇ ಮಾಡ್ಲಿಲ್ಲ ನೋಡಿ. ಯಾವ ಜನ ಮಾರಾಯ್ರೆ ಇದನ್ನು ವಯರಿಂಗ್ ಮಾಡಿದ್ದು?”

“ನೀನೇ ಅಲ್ವಾ ಮಾರಾಯ” ಎಂದರು ಯಜಮಾನರು.

ಅವನು ಮತ್ತೆ ಬಾಯಿ ಬಿಡದೆ ಕೆಲಸ ಮುಗಿಸಿದ. ಸುಟ್ಟ ತುದಿ ಕತ್ತರಿಸಿ, ಎಂಸಿಬಿ ಬದಲಿಸಿ, ಒಂದೊಂದೇ ಸ್ಕ್ರೂ ಬಿಗಿ ಮಾಡಿದ. ಆಮೇಲೆ ಎಲ್ಲವನ್ನೂ ಹಾಕಿ ಒಂದು ಗಂಟೆ ಕಾದೆವು. ಬಿಳಿ ಚುಕ್ಕೆ ಬರಲಿಲ್ಲ. ಯಜಮಾನತಿ ಊಟಕ್ಕೆ ಕರೆದರು. ಎಲೆಯ ಮುಂದೆ ಕೂತೆ, ತಿಂದದ್ದು ಏನೆಂದು ನೆನಪಿಲ್ಲ. ಹೊರಡುವಾಗ ತಮ್ಮನ ಮಗಳು ಮೊದಲು ತೆಗೆದುಕೊಂಡಿದ್ದ ಫೀಸನ್ನು ಮೇಜಿನ ಮೇಲಿಟ್ಟಳು. ಯಜಮಾನರು ಬೇಡವೆನ್ನಲಿಲ್ಲ, ತೆಗೆದುಕೊಳ್ಳಲೂ ಇಲ್ಲ.

ಕಾರಿನಲ್ಲಿ ಅವಳು ಸ್ಟಾರ್ಟ್ ಮಾಡದೆ ಕೂತಳು. “ಅತ್ತೆ, ಗುಡುಗು ಶುರುವಾದ ಮೇಲೆ ನಾವು ಎಷ್ಟು ಮನೆ ನೋಡಿದ್ದೇವೆ?”

ನೋಟ್‌ಬುಕ್ ತೆಗೆದೆ. ಈ ಮನೆ ಬಿಟ್ಟು ಏಳು. ಇನ್ವರ್ಟರ್ ಎಲ್ಲ ಮನೆಯಲ್ಲೂ ಉಂಟು. ಗುಡುಗಿಗೆ ಕೈ ತಾನಾಗಿ ಎದ್ದು ಮೈನಿಗೆ ಹೋಗುವುದೂ ಎಲ್ಲ ಮನೆಯಲ್ಲೂ ಉಂಟು. ಯಾವ ಮನೆಯಲ್ಲಿ ಆ ದಿನ ನಿಜವಾಗಿ ಲೋಡ್ ಇತ್ತು ಎಂದು ಇಬ್ಬರಿಗೂ ಆಣೆ ಹಾಕಿ ಹೇಳಲು ಆಗಲಿಲ್ಲ. ಏಳು ಮನೆಗೂ ನಾನು ಅದೇ ವಾಕ್ಯ ಬರೆದಿದ್ದೆ.

“ಎಲ್ಲವನ್ನೂ ಪುನಃ ನೋಡುವ” ಎಂದಳು.

ತಮ್ಮ ಕೇಳುತ್ತಿದ್ದ ಪ್ರಶ್ನೆಗೆ ಆ ವರ್ಷದ ಉತ್ತರ ಅಲ್ಲಿಗೆ ಸಿಕ್ಕಿತು. ಹೊಸ ಕೆಲಸ ಮುಂದೆ ಹಾಕಿ, ಕಡಬ, ಬೆಟ್ಟಂಪಾಡಿ, ಸುಳ್ಯ ಎಂದು ಹಳೇ ಮನೆಗಳಿಗೇ ಪುಕ್ಕಟೆ ಅಲೆದೆವು. ಅವಳೀಗ ಕರೆಂಟು ಎಷ್ಟು ಹರಿಯುತ್ತಿದೆ ಎಂದು ಅಳೆಯುವ ಮೀಟರೊಂದನ್ನು ತಂದಿದ್ದಾಳೆ. ಅದನ್ನು ವಯರಿಗೆ ಕಚ್ಚಿಸಿ ನೋಡದೆ ಕ್ಯಾಮರಾ ಹೊರಗೆ ತೆಗೆಯುವುದಿಲ್ಲ. ಒಬ್ಬಾಕೆ ಬಾಗಿಲಲ್ಲೇ ಕೇಳಿದರು, “ಒಮ್ಮೆಗೇ ಸರಿಯಾಗಿ ಮಾಡ್ಲಿಕ್ಕೆ ಗೊತ್ತಿಲ್ವಾ ನಿಮಗೆ?” ಎಂದು. ನಾನು ಹೌದು, ಗೊತ್ತಿರಲಿಲ್ಲ ಎಂದೆ. ಹಾಗೆ ಹೇಳಿದರೆ ಜನ ಒಳಗೆ ಬಿಡುತ್ತಾರೆ ಎಂದು ಕಲಿತೆ. ಇಂಥ ಕೆಲಸದಲ್ಲಿ ಲಾಭ ಉಂಟೇ ಎಂದು ಯಾರಾದರೂ ನನ್ನನ್ನು ಕೇಳಿದರೆ ಉಂಟು ಎನ್ನುತ್ತೇನೆ. ಆದರೆ ಅದು ಬರುವುದು ಸರಿಯಾಗಿ ನೋಡಿದವರಿಗೂ ನೋಡದವರಿಗೂ ಒಂದೇ ಸಮನಾಗಿ, ಅದೇ ನನಗೆ ಹೆದರಿಕೆ.

ಮೊದಲ ಆರು ಮನೆಗಳಲ್ಲಿ ಒಂದರಲ್ಲಿ ಒಂದು ಪ್ಲಗ್ಗು ಬಿಸಿ ಇತ್ತು, ಉಳಿದವು ನಿಜಕ್ಕೂ ಸರಿ ಇದ್ದವು. ಏಳನೆಯದು, ಕೊನೆಯದು, ಕಲ್ಲುಗುಂಡಿಯದ್ದು. ಮಡಿಕೇರಿ ರಸ್ತೆಯ ಬದಿಯಲ್ಲಿ ಕೆಳಗೆ ಅಂಗಡಿ, ಮೇಲೆ ಪ್ರವಾಸಿಗರಿಗೆ ಕೊಡುವ ರೂಮುಗಳು. ಒಳಗೆ ಹೋದವಳೇ ನಿಂತುಬಿಟ್ಟೆ. ಮೀಟರ್ ಬೋರ್ಡಿನ ಪಕ್ಕದಲ್ಲಿ ನನ್ನ ರಿಪೋರ್ಟಿನ ಹಾಳೆ, ಲ್ಯಾಮಿನೇಟ್ ಮಾಡಿಸಿ, ನಾಲ್ಕೂ ಮೂಲೆಗೆ ಮೊಳೆ ಹೊಡೆದು ಹಾಕಿದ್ದರು.

“ಗೆಸ್ಟುಗಳು ಓದ್ತಾರೆ” ಎಂದರು ಮಾಲೀಕರು, ಸಂತೋಷದಿಂದ. “ಇಂಗ್ಲಿಷ್ ಒಳ್ಳೆದುಂಟು ಅಂತ ಹೇಳ್ತಾರೆ ಟೀಚರಮ್ಮ. ಹೆಂಗಸರು, ಮಕ್ಕಳು ಇರುವ ಪಾರ್ಟಿ ಅದನ್ನು ನೋಡಿಯೇ ರೂಮು ತೆಗೊಳ್ಳುದು.”

ತಮ್ಮನ ಮಗಳು ವಿಷಯ ತಿಳಿಸಿದಳು. ಅವರ ಮುಖ ಸ್ವಲ್ಪ ಬದಲಾಯಿತು. “ಪುನಃ ನೋಡಿ ಎಂತಾದ್ರೂ ಸಿಕ್ಕಿದ್ರೆ?”

“ಸಿಕ್ಕಿದ್ರೆ ಸರಿ ಮಾಡಿಸುದು ಅಣ್ಣ.”

“ಮತ್ತೆ ಈ ಕಾಗದ?”

“ಅದನ್ನು ತೆಗೀಬೇಕಾಗ್ತದೆ.”

“ಹಾಗಾದ್ರೆ ಬೇಡ” ಎಂದರು. “ಸರಿ ಉಂಟು ಅಂತ ಸಹಿ ಹಾಕಿ ಕೊಟ್ಟದ್ದು ನೀವು. ಹಣ ಕೊಟ್ಟದ್ದು ನಾನು. ಇಲ್ಲಿಗೆ ಮುಗೀತು. ಟೀ ಕುಡಿದು ಹೋಗಿ.”

ಎಷ್ಟು ಹೇಳಿದರೂ ಬಾಕ್ಸ್ ಮುಟ್ಟಲು ಬಿಡಲಿಲ್ಲ. ಮನೆಗೆ ಬಂದು, ಆ ರಿಪೋರ್ಟನ್ನು ನಾವು ಹಿಂದಕ್ಕೆ ತೆಗೆದುಕೊಂಡಿದ್ದೇವೆ, ಅದನ್ನು ನಂಬಬಾರದು ಎಂದು ಕನ್ನಡದಲ್ಲಿ ಕಾಗದ ಬರೆದು ರಿಜಿಸ್ಟರ್ಡ್ ಪೋಸ್ಟ್ ಮಾಡಿದೆವು. ಸಹಿ ಹಾಕಿ ಪಡೆದುಕೊಂಡದ್ದಕ್ಕೆ ಚೀಟಿ ಬಂತು. ಕಾಗದಕ್ಕೆ ಉತ್ತರ ಬರಲಿಲ್ಲ.

ಅಂದಿನಿಂದ ನಾನು ಎರಡು ಮೂರು ದಿನಕ್ಕೊಮ್ಮೆ ಅವರಿಗೆ ಫೋನ್ ಮಾಡುತ್ತೇನೆ. ಮೊದಮೊದಲು ಸಿಟ್ಟಾಗುತ್ತಿದ್ದರು, ಈಗ ಅಭ್ಯಾಸವಾಗಿದೆ. “ಕಟ್ಟಡ ಉಂಟು ಟೀಚರಮ್ಮ. ಸುಟ್ಟು ಹೋಗ್ಲಿಲ್ಲ” ಎಂದೇ ಫೋನೆತ್ತುತ್ತಾರೆ. ಕಾಗದ ಗೋಡೆಯಿಂದ ತೆಗೆದಿರಾ ಎಂದು ಕೇಳುತ್ತೇನೆ. ನಕ್ಕು ಇಡುತ್ತಾರೆ.

ಇವತ್ತು ಬೆಳಿಗ್ಗೆಯೂ ಮಾಡಿದ್ದೆ. ಅವರು ಅವಸರದಲ್ಲಿದ್ದರು. “ರೂಮೆಲ್ಲ ಫುಲ್ ಇವತ್ತು. ಎರಡು ಫ್ಯಾಮಿಲಿ ಮಧ್ಯಾಹ್ನಕ್ಕೆ ಬರ್ತಾರೆ, ಮಕ್ಕಳೇ ಐದು ಜನ ಇದ್ದಾರಂತೆ. ಎಲ್ಲರಿಗೂ ಬಿಸಿನೀರು ಬೇಕಂತೆ, ಹೊಸದಾಗಿ ಇನ್ನೊಂದು ಗೀಸರ್ ಹಾಕಿಸಿದ್ದೇನೆ.”

ಫೋನ್ ಇಟ್ಟು ಚಪ್ಪಲಿ ಮೆಟ್ಟಿದೆ. ತಮ್ಮನ ಮಗಳು ಲೆಕ್ಕದ ಪುಸ್ತಕದಿಂದ ತಲೆಯೆತ್ತಿದಳು.

“ಎಲ್ಲಿಗೆ ಅತ್ತೆ?”

“ಕಲ್ಲುಗುಂಡಿಗೆ.”

“ಪುನಃ ಬೈಸಿಕೊಳ್ಳಲಿಕ್ಕಾ?”

“ಹೌದು” ಎಂದೆ. “ಒಳಗೆ ಬಿಡದಿದ್ದರೆ ರಸ್ತೆಯಲ್ಲೇ ನಿಲ್ಲುವ. ಆ ಮಕ್ಕಳ ಅಮ್ಮಂದಿರು ಕಾರಿನಿಂದ ಇಳಿಯುತ್ತಾರಲ್ಲ, ಅವರಿಗೆ ನಾನೇ ಹೇಳ್ತೇನೆ.”

ಅವಳು ಪುಸ್ತಕ ಮುಚ್ಚಿ ಕಾರಿನ ಕೀ ಹುಡುಕತೊಡಗಿದಳು.